ಪೆಡಲಿನ ಲಯ
ಪೆಡಲು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದೇ ಸೈಕಲ್ ತುಳಿತದ ಲಯ. ದೇಹ ಬಳಸುವ ಆಮ್ಲಜನಕವನ್ನಷ್ಟೇ ನೋಡಿದರೆ 60ರ ಆಸುಪಾಸಿನ ನಿಧಾನ ತುಳಿತವೇ ಮಿತವ್ಯಯದ್ದು. ಆದರೂ ಪಳಗಿದ ಸ್ಪರ್ಧಿಗಳು ಸಮತಟ್ಟು ರಸ್ತೆಯಲ್ಲಿ 90ರ ಸುತ್ತಮುತ್ತ ತುಳಿಯುತ್ತಾರೆ. ವೇಗ ಅಷ್ಟೇ ಇದ್ದು ಸುತ್ತು ಹೆಚ್ಚಿದರೆ ಪ್ರತಿ ತುಳಿತದ ಒತ್ತಡ ಇಳಿಯುತ್ತದೆ. ತೊಡೆ, ಮಂಡಿಗಳ ಹೊರೆಯಲ್ಲಿ ಒಂದಷ್ಟನ್ನು ಹೃದಯ, ಶ್ವಾಸಕೋಶಗಳು ಹೊರುತ್ತವೆ.

1972ರಲ್ಲಿ ಬೆಲ್ಜಿಯಂನ ಸೈಕಲ್ ಸ್ಪರ್ಧಿ ಎಡ್ಡಿ ಮರ್ಕ್ಸ್ ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಗೆ 49.431 ಕಿಲೋಮೀಟರ್ ಕ್ರಮಿಸಿದರು. ಇದ್ದದ್ದು ಒಂದೇ ಗೇರ್: ಮುಂದೆ 52 ಹಲ್ಲು, ಹಿಂದೆ 14. ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು 104 ಸುತ್ತು, ಅದೂ ಗಂಟೆಯುದ್ದಕ್ಕೂ! ಅದ್ಭುತವೇ ಸರಿ.

ದಿನನಿತ್ಯದ ಸವಾರರಿಗೆ 70ರಿಂದ 80 ಹಿತ. ಮಂಡಿಗೆ ಭಾರ ಬೀಳುತ್ತಿದ್ದರೆ ಹಗುರ ಗೇರ್ ಬೇಕು. ಸೀಟಿನ ಮೇಲೆ ಮೈ ಕುಪ್ಪಳಿಸುತ್ತಿದ್ದರೆ ಒಂದು ಗೇರ್ ಏರಿಸಬೇಕು.