ಹೂವಿನ ಮೇಲಿನ ಈ ನೊಣ ಯಾವುದು?



ಚಳಿಗಾಲದ ಒಂದು ಬೆಳಿಗ್ಗೆ. ಮಿರಜದ ನಮ್ಮ ಹಿತ್ತಲಿನಲ್ಲಿ ಸಬ್ಬಸಿಗೆ ಹೂ ಬಿಟ್ಟಿತ್ತು. ಪಕ್ಕದ ಮನೆಯ ಕಾಕು ಔಷಧದ ಪಂಪು ಹಿಡಿದುಕೊಂಡೇ ಬಂದರು. “ನಿಮ್ಮ ಶೇಪೂ ಮ್ಯಾಲ ಗಾಂಧೀಲ ಮಾಶಿ ಕೂತಾವ ನೋಡ್ರಿ. ಹುಡುಗರಿಗೆ ಕಡೀತಾವ. ಹೊಡದ ಬಿಡ್ಲೇನು?” ಎಂದರು. ಹುಳದ ಮೈಮೇಲೆ ಹಳದಿ, ಕಪ್ಪು ಪಟ್ಟಿ. ಕಣಜವೆಂದೇ ಅನಿಸಬೇಕು. “ಒಂದು ಗಳಿಗೆ ತಡೀರಿ ಕಾಕು” ಎಂದೆ. ತಡೆದದ್ದಕ್ಕೆ ಕಾರಣವಿತ್ತು, ಅದನ್ನು ಕೊನೆಗೆ ಹೇಳುತ್ತೇನೆ.

ಈ ವಿಷಯದಲ್ಲಿ ನಮ್ಮ ಎರಡೂ ಭಾಷೆಗಳು ನಮ್ಮನ್ನು ಸ್ವಲ್ಪ ಮೋಸಗೊಳಿಸುತ್ತವೆ. ಕನ್ನಡದಲ್ಲಿ ಜೇನುನೊಣ ಎನ್ನುತ್ತೇವೆ, ಮರಾಠಿಯಲ್ಲಿ ಮಧಮಾಶಿ. ಆದರೆ ಜೇನು ನೊಣವಲ್ಲ, ಕಣಜವೂ ನೊಣವಲ್ಲ. ಅವುಗಳಿಗೆ ನಾಲ್ಕು ರೆಕ್ಕೆ; ನೊಣಕ್ಕೆ ಎರಡೇ. ಹಿಂದಿನ ರೆಕ್ಕೆಗಳ ಜಾಗದಲ್ಲಿ ನೊಣಕ್ಕೆ ಗುಂಡುಸೂಜಿಯ ತಲೆಯಂಥ ಎರಡು ಸಣ್ಣ ಅಂಗಗಳಿವೆ. ಹಾರುವಾಗ ಮೈಯ ಸಮತೋಲ ಕಾಯುವುದು ಅವುಗಳ ಕೆಲಸ.

ಗುರುತು ಹಿಡಿಯಲು ಒಂದು ಗಾಜಿನ ಲೋಟ ಸಾಕು. ಹೂವಿನ ಮೇಲೆ ಮೆಲ್ಲಗೆ ಬೋರಲು ಹಾಕಿ ನೋಡಿರಿ. ಎರಡೇ ರೆಕ್ಕೆ, ಮುಖದ ತುಂಬ ಕಣ್ಣು, ಇದ್ದೂ ಇಲ್ಲದಂಥ ಗಿಡ್ಡ ಮೀಸೆ ಕಂಡರೆ ಅದು ನೊಣ. ಹಾರುವಾಗ ಗಾಳಿಯಲ್ಲಿ ಒಂದೇ ಕಡೆ ತೂಗುಹಾಕಿದ ಹಾಗೆ ನಿಂತು, ಥಟ್ಟನೆ ಪಕ್ಕಕ್ಕೆ ಸರಿಯುತ್ತಿದ್ದರೆ ಬಹುಮಟ್ಟಿಗೆ ಅದು ಸಿರ್ಫಿಡ್ ನೊಣ. ಇದಕ್ಕೆ ಕೊಂಡಿಯಿಲ್ಲ, ಕಡಿಯುವುದೂ ಇಲ್ಲ. ಪಟ್ಟೆಯೆಲ್ಲ ಹಕ್ಕಿಗಳನ್ನು ಹೆದರಿಸಲು ಹಾಕಿಕೊಂಡ ಸೋಗು.

ಈ ಗುಂಪಿನಲ್ಲಿಯೂ ಬಗೆಗಳುಂಟು. ಕಿತ್ತಳೆ ಬಣ್ಣದ ಹೊಟ್ಟೆಯ ಮೇಲೆ ಒಂದು ದಪ್ಪ, ಒಂದು ತೆಳು ಕಪ್ಪು ಗೆರೆ ಜೋಡಿಯಾಗಿದ್ದರೆ ಅದು ಎಪಿಸಿರ್ಫಸ್ ಬಾಲ್ಟಿಯಾಟಸ್. ಕಣ್ಣಿನ ಮೇಲೆ ಚುಕ್ಕೆ ಇದ್ದರೆ ಎರಿಸ್ಟಾಲಿನಸ್ ಜಾತಿಯದು. ಅದರ ಮರಿ ನಿಂತ ಕೊಳಕು ನೀರಿನಲ್ಲಿ ಬೆಳೆಯುತ್ತದೆ. ಬ್ರುನೆಟ್ಟಿ ಎಂಬ ಕೀಟಶಾಸ್ತ್ರಜ್ಞ ನಮ್ಮ ದೇಶದ ಇಂಥ ನೊಣಗಳನ್ನು ವಿವರಿಸಿ 1923ರಲ್ಲಿಯೇ ಗ್ರಂಥ ಪ್ರಕಟಿಸಿದ್ದಾನೆ. ನಮಗೆ ಅಷ್ಟು ಆಳ ಬೇಡ. ಕಣಜವೋ ನೊಣವೋ ಎಂದು ತಿಳಿದರೆ ಅರ್ಧ ಕೆಲಸ ಆದಂತೆ.

ಉಳಿದರ್ಧ ಎಲೆಯ ಕೆಳಗಿದೆ. ಎಪಿಸಿರ್ಫಸ್‌ನಂಥ ನೊಣಗಳು ಹೇನು ಹತ್ತಿದ ಎಲೆಯನ್ನೇ ಹುಡುಕಿ ಅಕ್ಕಿನುಚ್ಚಿನಂಥ ಬಿಳಿ ಮೊಟ್ಟೆ ಇಡುತ್ತವೆ. ಹೊರಬರುವ ಮರಿಗೆ ಕಾಲಿಲ್ಲ, ಕಣ್ಣಿಲ್ಲ. ತಲೆಯನ್ನು ಅತ್ತಿತ್ತ ಆಡಿಸುತ್ತ ಸಿಕ್ಕ ಹೇನನ್ನು ಹಿಡಿದೆತ್ತಿ ರಸ ಹೀರುತ್ತದೆ. ದೊಡ್ಡದಾಗುವಷ್ಟರಲ್ಲಿ ನೂರಾರು ಹೇನು ಮುಗಿಸುತ್ತದೆ. ತಾಯಿಗೆ ಬೇಕಾದದ್ದು ಹೂವಿನ ಪರಾಗ, ಮಕರಂದ. ಅದಕ್ಕೇ ಅದು ನಮ್ಮ ಸಬ್ಬಸಿಗೆಗೆ, ಕೊತ್ತಂಬರಿ ಹೂವಿಗೆ ಬರುತ್ತದೆ.

ಹೇನು ಎಂದರೆ ಏನೆಂದು ನಮ್ಮ ಭಾಗದ ರೈತರಿಗೆ ಹೇಳಬೇಕಿಲ್ಲ. 2002ರ ಜುಲೈದಲ್ಲಿ ಸಾಂಗಲಿ ಜಿಲ್ಲೆಯ ಕಬ್ಬಿಗೆ ಬಿಳಿ ಉಣ್ಣೆ ಹೇನು, ಮರಾಠಿಯ ಲೋಕರೀ ಮಾವಾ, ಬಂದದ್ದು ನೆನಪಿರಬೇಕು. ಗಡಿ ದಾಟಿ ಬೆಳಗಾವಿಯ ಕಡೆಗೂ ಹಬ್ಬಿತು. ಎತ್ತರಕ್ಕೆ ಬೆಳೆದ ಕಬ್ಬಿನೊಳಗೆ ಹೊಕ್ಕು ಔಷಧ ಹೊಡೆಯುವುದು ಸುಲಭವಿರಲಿಲ್ಲ. ಆಗ ಕೈಹಿಡಿದದ್ದು ಡೀಫಾ, ಮೈಕ್ರೋಮಸ್ ಎಂಬ ಹೇನು ತಿನ್ನುವ ಹುಳಗಳು. ಅವುಗಳ ಜೊತೆಗೆ ಒಂದು ಸಿರ್ಫಿಡ್ ನೊಣದ ಮರಿಯೂ ಆ ಹೇನನ್ನು ತಿನ್ನುತ್ತಿದ್ದದ್ದು ಕಂಡುಬಂದಿತು.

ಇನ್ನು ಕಾರಣ ಹೇಳುತ್ತೇನೆ. ಅದರ ಹಿಂದಿನ ವರ್ಷ ನಮ್ಮ ಅವರೆ ಬಳ್ಳಿಗೆ ಕರಿ ಹೇನು ಹತ್ತಿತ್ತು. ನಡುವೆ ಹಸಿರು ಮರಿಗಳೂ ಇದ್ದವು. ಎಲೆ ತಿನ್ನುವ ಹುಳವೆಂದು ತಿಳಿದು ಎಲ್ಲಕ್ಕೂ ಸೇರಿಸಿ ನಾನೇ ಔಷಧ ಹೊಡೆದೆ. ಕೆಲವು ದಿನಗಳಲ್ಲಿ ಹೇನು ತಿರುಗಿ ಬಂತು, ಮರಿ ಬರಲಿಲ್ಲ. ಆ ವರ್ಷ ಮನೆಗೆ ಒಂದು ಬುಟ್ಟಿ ಅವರೆಕಾಯಿಯೂ ದಕ್ಕಲಿಲ್ಲ.

ಕಾಕು ಲೋಟದೊಳಗೆ ಬಗ್ಗಿ ನೋಡಿದರು, ರೆಕ್ಕೆ ಎಣಿಸಿದರು. “ಮಾಶೀನ ಆಹೇ” ಎಂದು ನಕ್ಕು ಪಂಪನ್ನು ಗೋಡೆಗೆ ಆನಿಸಿಟ್ಟರು. ನೀವೂ ಪಂಪು ಎತ್ತುವ ಮೊದಲು ಒಮ್ಮೆ ರೆಕ್ಕೆ ಎಣಿಸಿರಿ, ಒಮ್ಮೆ ಎಲೆ ತಿರುವಿ ನೋಡಿರಿ.