ಕೇಳಿದಾಗ ಕೊಟ್ಟ ಪಾಸ್‌ವರ್ಡ್



ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕಾರಾಗೃಹ ಇಲಾಖೆಯ ನೌಕರರೊಬ್ಬರು ತಾಯಿ ತೀರಿಕೊಂಡ ನಂತರ ರಜೆಯಲ್ಲಿದ್ದರು. 2010ರಲ್ಲಿ ಮರಳಿ ಕೆಲಸಕ್ಕೆ ಸೇರಲು ಬಂದಾಗ ಸಂದರ್ಶನದಲ್ಲಿ ಅವರ ಫೇಸ್‌ಬುಕ್ ಪಾಸ್‌ವರ್ಡ್ ಕೇಳಿದರು. ಅಪರಾಧಿ ಗುಂಪುಗಳ ನಂಟಿದೆಯೇ ಎಂದು ನೋಡುವುದಕ್ಕಂತೆ. ಅವರು ಕೊಟ್ಟರು. ಅಧಿಕಾರಿ ಅವರೆದುರೇ ಖಾತೆ ತೆರೆದು ಓದಿದರು.

ಯಾರೂ ಕದಿಯಲಿಲ್ಲ, ಬೀಗ ಒಡೆಯಲಿಲ್ಲ. ಹಾಗಾದರೆ ತಪ್ಪೆಲ್ಲಿದೆ? ಇಂದಿನ ಚರ್ಚೆಗಳೆಲ್ಲ ಈ ಪ್ರಶ್ನೆಯ ಸುತ್ತ ನಡೆಯಲಿ ಎಂಬುದು ನನ್ನ ಆಶಯ.

ನ್ಯೂಜೆರ್ಸಿಯ ರೆಸ್ಟೊರೆಂಟೊಂದರ ಪ್ರಕರಣ ಇದಕ್ಕೆ ಒಂದು ಉತ್ತರ ಕೊಟ್ಟಿದೆ. ಅಲ್ಲಿನ ಕೆಲಸಗಾರರು ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದಲ್ಲಿ ತಮ್ಮದೇ ಖಾಸಗಿ ಗುಂಪು ಕಟ್ಟಿಕೊಂಡು ಮೇಲಿನವರ ಬಗ್ಗೆ ಮಾತಾಡಿಕೊಳ್ಳುತ್ತಿದ್ದರು. ಗುಂಪಿನಲ್ಲಿದ್ದ ಸಿಬ್ಬಂದಿಯೊಬ್ಬರಿಂದ ಮ್ಯಾನೇಜರ್ ಪಾಸ್‌ವರ್ಡ್ ಪಡೆದರು. ಇಬ್ಬರು ಕೆಲಸ ಕಳೆದುಕೊಂಡರು. ಪಾಸ್‌ವರ್ಡ್ ಕೊಟ್ಟಾಕೆ ನ್ಯಾಯಾಲಯದಲ್ಲಿ, ಕೊಡದಿದ್ದರೆ ತನಗೆ ತೊಂದರೆಯಾಗುತ್ತಿತ್ತು ಎನಿಸಿದ್ದರಿಂದ ಕೊಟ್ಟೆ ಎಂಬರ್ಥದ ಸಾಕ್ಷ್ಯ ಹೇಳಿದರು. 2009ರಲ್ಲಿ ಜ್ಯೂರಿ ಮಾಲೀಕ ಸಂಸ್ಥೆಯನ್ನೇ ತಪ್ಪಿತಸ್ಥ ಎಂದಿತು. ಭಯದಿಂದ ಕೊಟ್ಟದ್ದು ಅನುಮತಿಯಾಗದು ಎಂಬ ಈ ಅರಿವು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಆದರೆ ಪ್ರತಿಯೊಬ್ಬ ನೌಕರನೂ ಕೋರ್ಟಿನ ಮೆಟ್ಟಿಲು ಹತ್ತಿ ತನ್ನ ಭಯವನ್ನು ಸಾಬೀತು ಮಾಡಬೇಕೇ? ಬೇಡ ಎಂದ ಮೇರಿಲ್ಯಾಂಡ್, 2012ರಲ್ಲಿ ಪಾಸ್‌ವರ್ಡ್ ಕೇಳುವುದನ್ನೇ ನಿಷೇಧಿಸಿತು. ಅಮೆರಿಕದಲ್ಲಿ ಅಂಥ ಕಾನೂನು ತಂದ ಮೊದಲ ರಾಜ್ಯ ಅದು.

ನಮ್ಮಲ್ಲಿ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ವಯಸ್ಸಿನಲ್ಲಿ ಹೂಡಿದರು ಎಂಬುದನ್ನು ಇಲ್ಲಿರುವ ಯುವಕರು ನೆನಪಿಡಬೇಕು. ಆದರೆ ಆ ತೀರ್ಪು ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುತ್ತದೆ. ಖಾಸಗಿ ಕಂಪನಿಯ ಎಚ್‌ಆರ್ ಕೋಣೆಯ ತನಕ ಅದನ್ನು ಒಯ್ಯಲು ಶಾಸನ ಬೇಕು.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಅನುಮತಿಯಿಲ್ಲದೆ ಕಂಪ್ಯೂಟರ್ ಪ್ರವೇಶಿಸುವುದನ್ನು ತಡೆಯುತ್ತದೆ. 66ಸಿ ಕಲಂ ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸಿದರೆ ಮೂರು ವರ್ಷದವರೆಗೆ ಸಜೆ ವಿಧಿಸುತ್ತದೆ. "ಅವರೇ ಕೊಟ್ಟರಲ್ಲ" ಎಂದು ಮಾಲೀಕ ಹೇಳಿದ ಕೂಡಲೇ ಎರಡೂ ಸಡಿಲವಾಗುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಮುಕ್ತವಾಗಿರಬೇಕು ಎನ್ನುತ್ತದೆ. ಅದೇ ಕಾಯ್ದೆಯ 7ನೇ ಕಲಂ, ಉದ್ಯೋಗದ ಉದ್ದೇಶಕ್ಕೆ ಅಥವಾ ಮಾಲೀಕನನ್ನು ನಷ್ಟದಿಂದ ಕಾಪಾಡುವುದಕ್ಕೆ ಒಪ್ಪಿಗೆಯಿಲ್ಲದೆಯೂ ದತ್ತಾಂಶ ಬಳಸಲು ಅವಕಾಶ ಕೊಡುತ್ತದೆ. ಈ ಬಾಗಿಲು ತೀರಾ ಅಗಲವಾಗಿದೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನಮ್ಮ ಕೈಯಲ್ಲಿ ಹಳೆಯ ಸಾಧನವೊಂದಿದೆ. 1872ರ ಕರಾರು ಕಾಯ್ದೆಯ 16ನೇ ಕಲಂ, ಒಬ್ಬನ ಇಚ್ಛೆಯ ಮೇಲೆ ಹಿಡಿತವಿರುವವನು ಆ ಹಿಡಿತದಿಂದ ಅನುಚಿತ ಲಾಭ ಪಡೆಯುವುದನ್ನು ಅನುಚಿತ ಪ್ರಭಾವ ಎಂದು ಗುರುತಿಸುತ್ತದೆ. ಮೊದಲ ಕೆಲಸ ಹುಡುಕುತ್ತಿರುವ ಹುಡುಗಿ, ಎದುರಿಗೆ ಆಫರ್ ಲೆಟರ್ ಹಿಡಿದ ಅಧಿಕಾರಿ: ಈ ಕಲಮಿಗೆ ಇದಕ್ಕಿಂತ ತಕ್ಕ ಸಂದರ್ಭ ಯಾವುದು? ಅವಳ ಇನ್‌ಬಾಕ್ಸ್‌ನಲ್ಲಿ ಗೆಳತಿಯ ಕಾಯಿಲೆಯ ಸುದ್ದಿಯಿರಬಹುದು, ಅಣ್ಣನ ಸಾಲದ ಮಾತಿರಬಹುದು. ಅವರನ್ನಂತೂ ಯಾರೂ ಕೇಳಿರುವುದಿಲ್ಲ.

ಮಾಲೀಕರಿಗೂ ನ್ಯಾಯವಾದ ಕಾಳಜಿಗಳಿವೆ. ಸಹೋದ್ಯೋಗಿಗೆ ಕಿರುಕುಳ ಕೊಡುವ ಸಂದೇಶ ಹೋಗಿದೆ ಎಂಬ ದೂರು ಬಂದರೆ ವಿಚಾರಣೆ ನಡೆಯಲೇಬೇಕು. ಕ್ಯಾಲಿಫೋರ್ನಿಯಾದ ಕಾನೂನು ಪಾಸ್‌ವರ್ಡ್ ಕೇಳುವುದನ್ನೂ, ಮಾಲೀಕನೆದುರು ಖಾತೆ ತೆರೆಸುವುದನ್ನೂ ನಿಷೇಧಿಸಿ, ದುರ್ನಡತೆಯ ವಿಚಾರಣೆಗೆ ಸಂಬಂಧಿಸಿದ ವಿಷಯ ಕೇಳಲು ಮಾತ್ರ ವಿನಾಯಿತಿ ಇಟ್ಟಿದೆ. ನಮ್ಮ ಶಾಸನದಲ್ಲಿ ಆ ವಿನಾಯಿತಿ ಎಷ್ಟು ಕಿರಿದಾಗಿರಬೇಕು, ನಿರಾಕರಿಸಿದ್ದಕ್ಕೆ ಕೆಲಸ ಹೋದರೆ ಸಾಬೀತಿನ ಹೊಣೆ ಯಾರದು? ಮಧ್ಯಾಹ್ನದ ಗೋಷ್ಠಿಯಲ್ಲಿ ಕರಡು ಬರೆಯಲು ಕೂರುವವರು ಈ ಎರಡಕ್ಕೆ ಮೊದಲು ಉತ್ತರ ಬರೆಯಿರಿ.