ತಿಂಗಳ ಮುಟ್ಟು, ಹೊಟ್ಟೆಯ ತೊಂದರೆ ಮತ್ತು ಗೋಧಿ



ಇಂದಿನ ಮಾತು ಪತ್ನಿಯರ ಆರೋಗ್ಯವನ್ನು ಕುರಿತದ್ದಾದರೂ ಪತಿಯಂದಿರು ಎದ್ದು ಹೋಗಬಾರದೆಂದು ಮೊದಲೇ ವಿನಂತಿಸುತ್ತೇನೆ. ಬಂಟ್ವಾಳವಿರಲಿ, ಬೆಳ್ತಂಗಡಿಯಿರಲಿ, ಮೂಡುಬಿದಿರೆಯಿರಲಿ, ಮುಟ್ಟಿನ ವಿಷಯ ಬಂದೊಡನೆ ಮೆಲ್ಲನೆ ಅಂಗಳಕ್ಕೆ ಇಳಿಯುವ ಗಂಡಸರು ನಮ್ಮ ಸಭೆಗಳಲ್ಲಿ ಇದ್ದೇ ಇರುತ್ತಾರೆ. ಅಂಗಡಿಯಿಂದ ದಿನಸಿ ತರುವವರೂ, ಪತ್ನಿಯನ್ನು ಆಸ್ಪತ್ರೆಗೆ ಕರೆದೊಯ್ಯುವವರೂ ಬಹುಮಟ್ಟಿಗೆ ನೀವೇ ಆದುದರಿಂದ ಈ ವಿಷಯ ನಿಮಗೂ ತಿಳಿದಿರತಕ್ಕದ್ದು.

ಋತುಚಕ್ರವು ಸಾಮಾನ್ಯವಾಗಿ 28 ದಿನಗಳದು. 21ರಿಂದ 35 ದಿನಗಳವರೆಗೆ ಇದ್ದರೂ ದೋಷವಲ್ಲ. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡಾಶಯದಿಂದ ಅಂಡವು ಹೊರಬೀಳುತ್ತದೆ. ಅನಂತರ ದೇಹದಲ್ಲಿ ಪ್ರೊಜೆಸ್ಟೆರಾನ್ ಎಂಬ ರಸವು ಹೆಚ್ಚುತ್ತದೆ. ಇದು ಗರ್ಭಕೋಶದ ಸ್ನಾಯುಗಳನ್ನು ಸಡಿಲಗೊಳಿಸುವಂತೆಯೇ ಕರುಳಿನ ಚಲನೆಯನ್ನೂ ನಿಧಾನಗೊಳಿಸುತ್ತದೆ. ಆದಕಾರಣ ಮುಟ್ಟಿಗೆ ಮುಂಚಿನ ವಾರದಲ್ಲಿ ಹೊಟ್ಟೆಯುಬ್ಬರ, ಮಲಬದ್ಧತೆ ಕಾಣಿಸಬಹುದು. ಮುಟ್ಟು ಬರುವಾಗ ಆ ರಸವು ಇಳಿದು, ಗರ್ಭಕೋಶದ ಒಳಪದರದಿಂದ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುಗಳು ಹೊರಬರುತ್ತವೆ. ಗರ್ಭಕೋಶವನ್ನು ಹಿಂಡುವುದು ಇವುಗಳ ಕೆಲಸ. ನೆರೆಯಲ್ಲೇ ಇರುವ ಕರುಳನ್ನೂ ಇವು ಹಿಂಡುತ್ತವೆ. ಮೊದಲ ಒಂದೆರಡು ದಿನ ಹೊಟ್ಟೆನೋವಿನೊಡನೆ ಭೇದಿಯಾಗುವುದು ಇದರಿಂದಲೇ ಹೊರತು, ಹಿರಿಯರು ಹೇಳುವ ಉಷ್ಣದಿಂದಲ್ಲ.

ಇಷ್ಟರಮಟ್ಟಿಗೆ ಚಿಂತಿಸಬೇಕಾದುದಿಲ್ಲ. ಆದರೆ ಎಲ್ಲವನ್ನೂ ಮುಟ್ಟಿನ ತಲೆಗೆ ಕಟ್ಟುವುದರಲ್ಲಿ ಅಪಾಯವಿದೆ. ಈ ತಪ್ಪನ್ನು ನಾನೇ ಮಾಡಿದ್ದೇನೆ.

ಬೀಡಿ ಕಟ್ಟಿ ಸಂಸಾರಕ್ಕೆ ನೆರವಾಗುತ್ತಿದ್ದ ಒಬ್ಬ ತಾಯಿ ನನ್ನಲ್ಲಿಗೆ ಬರುತ್ತಿದ್ದರು. ಮುಟ್ಟಿನ ದಿನಗಳಲ್ಲಿ ವಿಪರೀತ ಭೇದಿ, ಉಳಿದ ದಿನಗಳಲ್ಲಿ ಹೊಟ್ಟೆಯುಬ್ಬರ, ಸದಾ ಆಯಾಸ. ಹಿಮೋಗ್ಲೋಬಿನ್ 12 ಗ್ರಾಂ ಇರಬೇಕಾದಲ್ಲಿ 7 ಮಾತ್ರ ಇತ್ತು. ಕಬ್ಬಿಣದ ಮಾತ್ರೆ ಕೊಟ್ಟೆ. ಬರಿಗಾಲಿನಲ್ಲಿ ಅಡಕೆ ತೋಟಕ್ಕೆ ಹೋಗುವವರಲ್ಲಿ ಕೊಕ್ಕೆಹುಳದ ಬಾಧೆ ಸಾಮಾನ್ಯವಾದುದರಿಂದ ಅಲ್ಬೆಂಡಜೋಲ್ ಮಾತ್ರೆಯನ್ನೂ ಕೊಟ್ಟೆ. ಮೂರು ತಿಂಗಳಾದರೂ ರಕ್ತ ಏರಲಿಲ್ಲ. ಮಾತ್ರೆಯನ್ನು ಚಹಾದೊಡನೆ ನುಂಗುತ್ತೀರಾ ಎಂದು ಕೇಳಿದೆ. ಕೊನೆಗೆ, ಬಾವಿಕಟ್ಟೆಯ ಹಿಂದೆ ಎಸೆಯುತ್ತೀರೋ ಎಂದು ಗದರಿದೆ. ಆಕೆ ಕಣ್ಣೀರು ತುಂಬಿ, "ಇಲ್ಲ ಡಾಕ್ಟ್ರೇ, ಒಂದೂ ಬಿಟ್ಟಿಲ್ಲ" ಎಂದರು. ಅದು ನಿಜವೇ ಆಗಿತ್ತು. ಅತ್ತೆಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಮನೆಮಂದಿಯೆಲ್ಲ ರಾತ್ರಿ ಗಂಜಿ ಬಿಟ್ಟು ಚಪಾತಿ ತಿನ್ನತೊಡಗಿದ್ದರೆಂಬುದನ್ನು ನಾನು ಕೇಳಿ ತಿಳಿದದ್ದು ಬಹಳ ತಡವಾಗಿ. ಮಂಗಳೂರಿಗೆ ಕಳುಹಿಸಿ ಪರೀಕ್ಷೆ ಮಾಡಿಸಿದಾಗ ಸೀಲಿಯಾಕ್ ರೋಗವೆಂದು ತಿಳಿದುಬಂತು.

ಗೋಧಿ ಮತ್ತು ಬಾರ್ಲಿಯಲ್ಲಿ ಗ್ಲೂಟೆನ್ ಎಂಬ ಸಸಾರಜನಕವಿದೆ. ಹುಟ್ಟಿನಿಂದಲೇ ಅದಕ್ಕೆ ಒಳಗಾಗುವ ಗುಣವುಳ್ಳ ಕೆಲವರಲ್ಲಿ ದೇಹದ ರಕ್ಷಣಾಶಕ್ತಿಯು ಗ್ಲೂಟೆನ್ನಿನ ವಿರುದ್ಧ ಎದ್ದು, ತನ್ನದೇ ಸಣ್ಣ ಕರುಳಿನ ಒಳಮೈಯನ್ನು ಸವೆಸುತ್ತದೆ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, ಅಂದರೆ 1944-45ರಲ್ಲಿ, ಹಾಲೆಂಡಿನಲ್ಲಿ ರೊಟ್ಟಿಗೆ ತೀವ್ರ ಅಭಾವವುಂಟಾಯಿತು. ಎಲ್ಲರೂ ಸೊರಗಿದ ಆ ಕಾಲದಲ್ಲಿ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡರು. ಗೋಧಿಯ ಮೇಲೆ ಮೊದಲೇ ಸಂಶಯವಿದ್ದ ವಿಲೆಮ್ ಡಿಕ್ಕೆ ಎಂಬ ಮಕ್ಕಳ ವೈದ್ಯರು 1950ರಲ್ಲಿ ತಮ್ಮ ಪ್ರಬಂಧದಲ್ಲಿ ಅದನ್ನು ಸಿದ್ಧಪಡಿಸಿದರು. ಗೋಧಿಯುಣ್ಣುವ ಉತ್ತರ ಭಾರತದಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಈ ರೋಗವಿದೆ. ಕುಚ್ಚಲಕ್ಕಿ ಉಣ್ಣುವ ನಮ್ಮಲ್ಲಿ ವಿರಳ. ವಿರಳವಾದುದರಿಂದಲೇ ವೈದ್ಯರಿಗೂ ಬೇಗ ನೆನಪಾಗುವುದಿಲ್ಲ.

ಮುಟ್ಟು ಈ ರೋಗವನ್ನು ತರುವುದಿಲ್ಲ. ಆದರೆ ಮೊದಲೇ ಕೆರಳಿದ ಕರುಳನ್ನು ಮುಟ್ಟಿನ ದಿನಗಳು ಮತ್ತಷ್ಟು ಕೆರಳಿಸುವುದರಿಂದ ತೊಂದರೆಯು ಆಗಲೇ ಎದ್ದು ಕಾಣುತ್ತದೆ. ಇನ್ನೊಂದು ನಷ್ಟವೂ ಇದೆ. ಪ್ರತಿ ಮುಟ್ಟಿನಲ್ಲಿ ಸುಮಾರು 30-40 ಮಿಲಿಲೀಟರ್ ರಕ್ತವೂ, ಅದರೊಡನೆ 15-20 ಮಿಲಿಗ್ರಾಂ ಕಬ್ಬಿಣವೂ ಹೋಗುತ್ತವೆ. ಆಹಾರದ ಕಬ್ಬಿಣವನ್ನು ಹೀರುವುದು ಸಣ್ಣ ಕರುಳಿನ ಮೊದಲ ಭಾಗ. ಸೀಲಿಯಾಕ್ ರೋಗವು ಹೆಚ್ಚಾಗಿ ಕೆಡಿಸುವುದೂ ಅದನ್ನೇ. ಹೊರಹೋಗುವುದು ನಿಲ್ಲದು, ಒಳಬರುವುದು ಸಾಲದು. ಚಿಕಿತ್ಸೆಯಿಲ್ಲದೆ ಉಳಿದರೆ ಹುಡುಗಿ ಮೈನೆರೆಯುವುದು ತಡವಾಗಬಹುದು. ಮುಟ್ಟು ಕ್ರಮ ತಪ್ಪಬಹುದು. ಗರ್ಭ ನಿಲ್ಲದಿರಬಹುದು ಅಥವಾ ಮತ್ತೆ ಮತ್ತೆ ಇಳಿಯಬಹುದು. ಅಂಥ ಮನೆಗಳಲ್ಲಿ ಸೊಸೆಯನ್ನು ದೂಷಿಸುವುದನ್ನೂ, ನಾಗದೋಷವೆಂದು ಪ್ರಶ್ನೆ ಇಡಿಸುವುದನ್ನೂ ಕಂಡಿದ್ದೇನೆ. ಹರಕೆ ಬೇಡವೆನ್ನುವುದಿಲ್ಲ, ಜೊತೆಗೆ ಪತಿಪತ್ನಿಯರಿಬ್ಬರ ವೈದ್ಯಕೀಯ ಪರೀಕ್ಷೆಯೂ ನಡೆಯಲಿ.

ಹಾಗೆಂದು ಇಂದೇ ಮನೆಯ ಗೋಧಿಹಿಟ್ಟನ್ನು ಎಸೆಯಬೇಡಿ. ಗೋಧಿ ಬಿಟ್ಟ ಮೇಲೆ ಪರೀಕ್ಷೆ ಮಾಡಿಸಿದರೆ ರೋಗವಿದ್ದರೂ ಇಲ್ಲವೆಂದು ಬರಬಹುದು. ಮೊದಲು ರಕ್ತಪರೀಕ್ಷೆ, ಅಗತ್ಯವಾದರೆ ನಳಿಗೆಯ ಮೂಲಕ ಕರುಳಿನ ಚೂರು ತೆಗೆದು ನೋಡುವುದು, ಆಮೇಲೆ ಪಥ್ಯ. ರೋಗ ಖಚಿತವಾದರೆ ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷಿಸಬೇಕು.

ಪಥ್ಯವು ಜೀವನಪರ್ಯಂತದ್ದು, ಆದರೆ ನಮ್ಮ ಊರಿನಲ್ಲಿ ಕಷ್ಟದ್ದಲ್ಲ. ಗಂಜಿ, ನೀರುದೋಸೆ, ಪುಂಡಿ, ಪತ್ರೊಡೆ, ರಾಗಿ, ಹುರುಳಿ, ಬಸಳೆ, ಬೂತಾಯಿ ಯಾವುದಕ್ಕೂ ಅಡ್ಡಿಯಿಲ್ಲ. ಸಜ್ಜಿಗೆ-ಬಜಿಲಿನಲ್ಲಿ ಬಜಿಲು ಸರಿ, ಸಜ್ಜಿಗೆ ವರ್ಜ್ಯ. ಬನ್ಸ್, ಗೋಳಿಬಜೆ, ಪರೋಟ, ಬಿಸ್ಕತ್ತು ಕೂಡದು. ಸತ್ಯನಾರಾಯಣ ಪೂಜೆಯ ಗೋಧಿರವೆಯ ಸಪಾದ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಇತರರಿಗೆ ಕೊಡಬಹುದು. ಇಗರ್ಜಿಯ ಪರಮಪ್ರಸಾದದ ಓಸ್ತಿಯೂ ಗೋಧಿಯದೇ ಆದುದರಿಂದ ಧರ್ಮಗುರುಗಳಲ್ಲಿ ಮೊದಲೇ ಹೇಳಿಕೊಳ್ಳಬೇಕು. ಉರಿಮೂತ್ರಕ್ಕೆ ಕುಡಿಸುವ ಬಾರ್ಲಿ ನೀರು, ನಿತ್ರಾಣಕ್ಕೆಂದು ಪತಿಯಂದಿರು ಪ್ರೀತಿಯಿಂದ ತರುವ ಮಾಲ್ಟ್ ಪುಡಿಯ ಡಬ್ಬಿ, ಇವೂ ಸಲ್ಲವು. ನಾನು ಹೇಳಿದ ತಾಯಿಗೆ ಪಥ್ಯದಿಂದ ಕೆಲವು ತಿಂಗಳಲ್ಲಿ ರಕ್ತವು 11ಕ್ಕೇರಿ, ಮುಟ್ಟಿನ ದಿನಗಳ ಭೇದಿಯೂ ತಗ್ಗಿತ್ತು. ಒಂದು ತಿಂಗಳು ಇದ್ದಕ್ಕಿದ್ದಂತೆ ಮತ್ತೆ ಕೆಟ್ಟಿತು. ಹುಡುಕಿದಾಗ ಸಿಕ್ಕಿದ್ದು ಸಾರಿಗೆ ಹಾಕುವ ಇಂಗು! ಅಂಗಡಿಯ ಕೂಟಿಂಗಿಗೆ ಅನೇಕ ವೇಳೆ ಗೋಧಿಹಿಟ್ಟನ್ನು ಬೆರೆಸಿರುತ್ತಾರೆ.

ಕುಟುಂಬ ಯೋಜನೆಯ ಬಗ್ಗೆ ಒಂದು ಮಾತು. ರಕ್ತಹೀನತೆಯಿದ್ದಾಗ ಮುಂದಿನ ಗರ್ಭವನ್ನು ಮುಂದೂಡುವುದು ಲೇಸು. ಕಾಪರ್-ಟಿ ಕೆಲವರಲ್ಲಿ ಸ್ರಾವವನ್ನು ಹೆಚ್ಚಿಸುವುದರಿಂದ ಅದಕ್ಕೆ ಮೊದಲು ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ. ಮಾಲಾ-ಎನ್ ನುಂಗುವವರಲ್ಲಿ ಸ್ರಾವವು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಅದರ 28 ಮಾತ್ರೆಗಳಲ್ಲಿ 7 ಕಬ್ಬಿಣದವು.

ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟಾದ ದಿನಕ್ಕೊಂದು ಗುರುತು, ಹೊಟ್ಟೆ ಕೆಟ್ಟ ದಿನಕ್ಕೆ ಇನ್ನೊಂದು, ಗೋಧಿ ತಿಂದ ದಿನಕ್ಕೆ ಮತ್ತೊಂದು ಗುರುತನ್ನು ಮೂರು ತಿಂಗಳು ಹಾಕಿರಿ. ಭೇದಿಯು ಮುಟ್ಟಿನ ಒಂದೆರಡು ದಿನಗಳಿಗೇ ಮುಗಿದರೆ ಅದು ಋತುಚಕ್ರದ್ದೇ ಇರಬಹುದು. ತಿಂಗಳಿಡೀ ಚೆದುರಿದ್ದರೆ, ತೂಕ ಇಳಿಯುತ್ತಿದ್ದರೆ, ಮಾತ್ರೆ ನುಂಗಿದರೂ ರಕ್ತ ಏರದಿದ್ದರೆ, ಆ ಹಾಳೆಗಳನ್ನು ಹರಿದು ತೆಗೆದುಕೊಂಡು ಇಬ್ಬರೂ ಜೊತೆಯಾಗಿ ಸಮೀಪದ ಸರಕಾರಿ ಆಸ್ಪತ್ರೆಗೆ ಬನ್ನಿರಿ. ಮಲದಲ್ಲಿ ರಕ್ತ ಕಂಡರೆ ಮಾತ್ರ ಮೂರು ತಿಂಗಳು ಕಾಯಬೇಡಿ; ಮರುದಿನವೇ ಬನ್ನಿರಿ.